ಅಂಗಡಿಯಲ್ಲಿ ಕಂಡ ಬಣ್ಣ ಮನೆಯಲ್ಲಿ ಬೇರೆ ಕಾಣುವುದಕ್ಕೆ
ದೇವರಾಜ ಅರಸು ರಸ್ತೆಯ ನಿಮ್ಮ ಅಂಗಡಿಗೆ ‘ಮನೆಗೆ ಹೋದ್ರೆ ಬಣ್ಣವೇ ಬೇರೆ’ ಎಂದು ಬಟ್ಟೆ ವಾಪಸ್ ಬರುತ್ತಿರುವುದಕ್ಕೆ ಸೀಲಿಂಗಿನ ಎಲ್‌ಇಡಿಗಳೇ ಕಾರಣವಿರಬೇಕು. ಕೆಲ್ವಿನ್ ಎಂದರೆ ಬೆಳಕಿನ ಛಾಯೆಯ ಅಳತೆ, ನೀವು ಬರೆದ 6500 ಕೆಲ್ವಿನ್ ಬೆಳಕಿನಲ್ಲಿ ನೀಲಿ ಅಂಶ ಹೆಚ್ಚು. ದೀಪ ಅಗ್ಗದ್ದಾದರೆ ಕೆಂಪು ಮಂಕಾಗುತ್ತದೆ. ಮೆರೂನ್, ರಾಣಿ ಬಣ್ಣಗಳ ಮೇಲೇ ದೂರು ಜಾಸ್ತಿ ಎಂದಿದ್ದೀರಿ, ಅದೇ ದೊಡ್ಡ ಸುಳಿವು.

ಮೊದಲು ಮಧ್ಯಾಹ್ನ ಒಂದೇ ಮೆರೂನ್ ಸೀರೆಯ ಸೆರಗನ್ನು ಬಾಗಿಲಾಚೆಯ ನೆರಳಿಗೂ ಒಡಲನ್ನು ಒಳಗಿನ ದೀಪದಡಿಗೂ ಹಿಡಿದು ನೋಡಿ. ವ್ಯತ್ಯಾಸ ಕಂಡರೆ ಒಂದೇ ಒಂದು ಹೊಸ ದೀಪ ತನ್ನಿ, ಎಲ್ಲವನ್ನೂ ಒಟ್ಟಿಗೆ ಕೊಳ್ಳಬೇಡಿ. ಡಬ್ಬದ ಮೇಲೆ 4000 ಕೆಲ್ವಿನ್, ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬ ಅಂಕಿ) 90 ಅಥವಾ ಹೆಚ್ಚು ಎಂದಿರಲಿ. ಸಾಮಾನ್ಯ ಎಲ್‌ಇಡಿಗಳದು 80ರ ಆಸುಪಾಸು. ಕೆಂಪಿನ ನಿಖರತೆ ಹೇಳುವ ‘ಆರ್9’ ಅಂಕಿಯನ್ನೂ ಕೇಳಿ, 50 ದಾಟಿದ್ದರೆ ಧೈರ್ಯವಾಗಿ ಹಾಕಿಸಿ. ಅದರಡಿ ಅದೇ ಸೀರೆಯನ್ನು ಮತ್ತೆ ನೋಡಿ.

ಟ್ರಯಲ್ ರೂಮಿಗೆ ಮಾತ್ರ ದಯವಿಟ್ಟು ಜಿಪುಣತನ ಬೇಡ. ನೆತ್ತಿಯ ಮೇಲೆ ಒಂದೇ ಸ್ಪಾಟ್‌ಲೈಟ್ ಇದ್ದರೆ ಕಣ್ಣು, ಗದ್ದದ ಕೆಳಗೆ ನೆರಳು ಬಿದ್ದು ಮುಖ ಬಾಡಿದಂತೆ ಕಾಣುತ್ತದೆ, ಗಿರಾಕಿ ಡ್ರೆಸ್ಸೇ ಚೆನ್ನಾಗಿಲ್ಲ ಅಂದುಕೊಳ್ಳುತ್ತಾರೆ. ಕನ್ನಡಿಯ ಎರಡೂ ಪಕ್ಕ ಉದ್ದನೆಯ ದೀಪ ಹಾಕಿಸಿ, ಮುಂದೆ ಹಾಲುಬಣ್ಣದ ಕವರ್ ಇರಲಿ.

ನೀವು ಹೇಳಿದ ಗೋಡೆಯ ಹಸಿರು ಪೇಂಟ್ ಎಷ್ಟು ಬಣ್ಣ ಕೆಡಿಸುತ್ತಿದೆಯೋ ಫೋಟೋ ನೋಡದೆ ಹೇಳಲಾರೆ. ದೀಪ ಬದಲಿಸಿದ ಮೇಲೂ ಛಾಯೆ ಉಳಿದರೆ ಕನ್ನಡಿಯ ಎದುರಿನ ಗೋಡೆಗೆ ತೆಳು ಬಿಳಿ ಬಳಿಸಿ. ಬಜೆಟ್ ಕಡಿಮೆಯಿದ್ದರೆ ಟ್ರಯಲ್ ರೂಮ್, ಆಮೇಲೆ ಸೀರೆ ಕೌಂಟರ್. ಸ್ಟಾಕ್ ಇಡುವ ಕಡೆ ಹಳೆಯ ದೀಪಗಳೇ ಸಾಕು.