ಕರೆಂಟು ಹೋದರೆ ಮಾತ್ರ ಕೂರುವುದೇ?

ಪ್ರಶ್ನೆ: ನನಗೆ 42 ವರ್ಷ. ಸುರತ್ಕಲ್‌ನಲ್ಲಿ ಮನೆ, ಹಂಪನಕಟ್ಟೆಯ ಒಂದು ಸಹಕಾರ ಸಂಘದಲ್ಲಿ ಕೆಲಸ. ಬೆಳಿಗ್ಗೆ ಐದಕ್ಕೆ ಎದ್ದು ತಿಂಡಿ, ಅಡುಗೆ, ಮಕ್ಕಳ ಬುತ್ತಿ ಮುಗಿಸಿ ಎಂಟೂವರೆಯ ಬಸ್ ಹಿಡಿಯುತ್ತೇನೆ. ಸಂಜೆ ಮನೆ ಸೇರುವಾಗ ಆರೂವರೆ. ಊಟವಾದ ಮೇಲೆ ಹನ್ನೊಂದರವರೆಗೆ ರವಕೆ ಹೊಲಿಯುತ್ತೇನೆ, ಸೀರೆಗಳಿಗೆ ಫಾಲ್ ಹಚ್ಚುತ್ತೇನೆ. ಆ ಹಣ ದ್ವಿತೀಯ ಪಿಯುಸಿ ಓದುತ್ತಿರುವ ಮಗಳ ಕೋಚಿಂಗ್‌ಗೆ. ಮಗ ಎಂಟನೇ ತರಗತಿ. ಪತಿಗೆ ಬೈಕಂಪಾಡಿಯ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಅತ್ತೆ ಜೊತೆಗಿದ್ದಾರೆ, ಒಳ್ಳೆಯವರು. ಯಾರೂ ನನ್ನನ್ನು ಪೀಡಿಸುವುದಿಲ್ಲ. ಆದರೂ ಹತ್ತು ನಿಮಿಷ ಸುಮ್ಮನೆ ಕೂತರೆ ತಪ್ಪು ಮಾಡಿದವಳಂತೆ ಎದೆ ಡವಡವ ಎನ್ನುತ್ತದೆ. ಅತ್ತೆ ಚಾವಡಿಗೆ ಬಂದರೆ ತಟ್ಟನೆ ಎದ್ದು ಬಟ್ಟೆ ಮಡಚುತ್ತೇನೆ. ನನಗೆ ವಿಶ್ರಾಂತಿ ಸಿಗಲಿ ಎಂದು ಪತಿ ಒಂದು ಭಾನುವಾರ ಎಲ್ಲರನ್ನೂ ಕೊಲ್ಲೂರಿಗೆ ಕರೆದುಕೊಂಡು ಹೋದರು; ಬಂದ ಮೇಲೆ ಎರಡು ದಿನ ಸೊಂಟ ನೋವು. ಈಚೆಗೆ ನೆಮ್ಮದಿಯಾಗಿ ಕೂತಿದ್ದು ಒಂದೇ ಸಂಜೆ. ಜುಲೈಯ ಗಾಳಿಮಳೆಗೆ ಕರೆಂಟು ಹೋಗಿ ಎರಡು ಗಂಟೆ ಬರಲಿಲ್ಲ. ಮೋಟಾರಿನ ಮೆಷಿನ್ ಓಡಲಿಲ್ಲ, ಜಗಲಿಯಲ್ಲಿ ಕೂತು ಮಳೆ ನೋಡಿದೆ. ಈಗ ಚೌತಿಯ ಆರ್ಡರುಗಳು ರಾಶಿ ಬಿದ್ದಿವೆ, ನಿನ್ನೆ ಮತ್ತೆರಡು ಒಪ್ಪಿಕೊಂಡೆ. ವಿಶ್ರಾಂತಿಗೆ ಸಮಯ ಎಲ್ಲಿಂದ ತರಲಿ?
– ಹೆಸರು ಬೇಡ, ಸುರತ್ಕಲ್

ಉತ್ತರ: ಕರೆಂಟು ಹೋದ ಆ ಸಂಜೆಯೂ ನಿಮ್ಮ ಮನೆಯಲ್ಲಿ ಕೆಲಸವಿತ್ತು. ತೊಳೆಯುವ ಪಾತ್ರೆಯಿತ್ತು, ಮಡಚುವ ಬಟ್ಟೆಯಿತ್ತು. ಮನಸ್ಸು ಮಾಡಿದ್ದರೆ ಚಾರ್ಜರ್ ದೀಪದ ಬೆಳಕಿನಲ್ಲಿ ಫಾಲ್ ಹಚ್ಚಬಹುದಿತ್ತು. ಆದರೂ ಕೂತಿರಿ, ಎದೆಯೂ ಡವಡವ ಎನ್ನಲಿಲ್ಲ. ಕೂರುವುದಕ್ಕೆ ಎಲ್ಲರೂ ಒಪ್ಪುವ ಕಾರಣವೊಂದು ಸಿಕ್ಕಿತ್ತು, ಅದರ ಹೊಣೆ ನಿಮ್ಮ ತಲೆಯ ಮೇಲೆ ಇರಲಿಲ್ಲ. ನಿಮಗೆ ಸಮಯ ಕಡಿಮೆ ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಾಳೆ ಯಾರಾದರೂ ಒಂದು ಗಂಟೆ ಹೆಚ್ಚು ಕೊಟ್ಟರೂ ನೀವು ಅದರಲ್ಲಿ ಇನ್ನೊಂದು ರವಕೆ ಹೊಲಿಯುತ್ತೀರಿ. ನಿಮಗೆ ಬೇಕಾಗಿರುವುದು ಮನೆಮಂದಿಗೆಲ್ಲ ಗೊತ್ತಿರುವ, ದಿನವೂ ಬದಲಾಗದ ಒಂದು ಹೊತ್ತು.

ನಮ್ಮ ತುಳುನಾಡಿನ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಫೆಬ್ರುವರಿಯಲ್ಲಿ ಬರುವ ಕೆಡ್ಡಸ ಹಬ್ಬದ ಮೂರು ದಿನ ಭೂಮಿತಾಯಿ ಮುಟ್ಟಾಗಿದ್ದಾಳೆ ಎಂದು ನೆಲ ಅಗೆಯುವಂತಿಲ್ಲ, ಉಳುವಂತಿಲ್ಲ, ಹಸಿ ಗಿಡ ಕಡಿಯುವಂತಿಲ್ಲ. ಮೇ ಕೊನೆಯ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ದೈವಗಳ ಕೋಲ ನೇಮಗಳು ನಿಲ್ಲುತ್ತವೆ. ಗದ್ದೆಯ ಕೆಲಸ ತೀರಿದ ಮೇಲೆ ವಿಶ್ರಮಿಸೋಣ ಎಂದು ಅವರು ಕಾದು ಕೂತಿದ್ದರೆ ಕೆಡ್ಡಸ ಯಾವ ವರ್ಷವೂ ಬರುತ್ತಿರಲಿಲ್ಲ. ದಿನ ಮೊದಲೇ ಗೊತ್ತಿತ್ತು. ಕೆಲಸ ಅದಕ್ಕೆ ತಕ್ಕಂತೆ ಹಿಂದೆ ಮುಂದೆ ಸರಿಯಿತು. ಮಣ್ಣಿಗೆ ಕೊಟ್ಟಷ್ಟು ಬಿಡುವನ್ನು ಆ ಕಾಲದ ಹೆಂಗಸರಿಗೆ ಕೊಟ್ಟಿದ್ದರೇ ಎಂಬುದು ಬೇರೆ ಮಾತು. ಆ ಪ್ರಶ್ನೆ ನನ್ನನ್ನು ಕಾಡುತ್ತಲೇ ಇರುತ್ತದೆ.

ನಿಮ್ಮ ಹೊತ್ತು ಯಾವುದು? ಸಂಜೆ ಆರೂಮುಕ್ಕಾಲರಿಂದ ಏಳೂಕಾಲರವರೆಗೆ ಎಂದು ಇಟ್ಟುಕೊಳ್ಳಿ. ಬಸ್ಸಿಳಿದು ಬಂದು, ಕೈಕಾಲು ಮುಖ ತೊಳೆದು, ಕುಚ್ಚಲಕ್ಕಿ ಒಲೆಗೇರಿಸಿದ ಮೇಲಿನ ಅರ್ಧ ಗಂಟೆ. ಅನ್ನ ಬೇಯಲು ಅದಕ್ಕಿಂತ ಹೆಚ್ಚು ಹೊತ್ತು ಹೇಗೂ ಬೇಕು. ಅಲ್ಲಿಯವರೆಗೆ ಒಲೆಯ ಕಡೆ ಒಂದು ಕಣ್ಣಿಡಲು ಅತ್ತೆಗೆ ಹೇಳಿ. ಬಟ್ಟೆ ಮಡಚುವುದು ಇಂದಿನಿಂದ ಮಗನ ಕೆಲಸ. ಎಂಟನೇ ತರಗತಿಯ ಹುಡುಗನಿಗೆ ಅದು ಬರದಿದ್ದರೆ ಈ ವಾರ ಕಲಿಯಲಿ, ಮಡಿಕೆ ಓರೆಯಾದರೆ ಆಗಲಿ. ನೀವು ಮಾತ್ರ ಹೋಗಿ ಸರಿಪಡಿಸಬೇಡಿ. ಪತಿಗೆ ಬೆಳಗಿನ ಪಾಳಿ ಇದ್ದ ವಾರ ಸಂಜೆಯ ಚಹಾ, ಪಲ್ಯಕ್ಕೆ ಹೆಚ್ಚುವುದು, ತೆಂಗಿನಕಾಯಿ ತುರಿಯುವುದು ಅವರಿಗಿರಲಿ.

ಇದನ್ನು ಅವರ ಮೇಲಿನ ದೂರಾಗಿ ಹೇಳುತ್ತಿಲ್ಲ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಿದ್ದರು, ಗಂಡಸರು 97 ನಿಮಿಷ. ನಿಮ್ಮವರು ಒಳ್ಳೆಯ ಮನುಷ್ಯ, ನೀವು ದಣಿದದ್ದನ್ನು ಕಂಡಿದ್ದಾರೆ. ದಣಿವಿಗೆ ಕೊಲ್ಲೂರು ಮದ್ದೆಂದು ಭಾವಿಸಿದರು, ಅಷ್ಟೇ. ಐದು ಜನರಿಗೆ ಬುತ್ತಿ ಕಟ್ಟಿ, ಬಟ್ಟೆ ಜೋಡಿಸಿ, ರಾತ್ರಿ ಬಂದು ಮತ್ತೆ ಒಲೆ ಹೊತ್ತಿಸಿದವರು ಯಾರು ಎಂಬುದನ್ನು ಅವರಿಗೆ ಸಮಾಧಾನದಿಂದ ಹೇಳಿ. ಮುಂದಿನ ಸಲ ಅವರು ಅಮ್ಮನನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗಲಿ, ನೀವು ಮನೆಯಲ್ಲಿ ಉಳಿಯಿರಿ. ತಿಂಗಳಿಗೆ ಒಂದು ಭಾನುವಾರ ಮಧ್ಯಾಹ್ನ ಇಡೀ ಮನೆ ನಿಮ್ಮೊಬ್ಬರದಾದರೆ ಎಷ್ಟು ಹಗುರವೆನಿಸುತ್ತದೆ ನೋಡಿ.

ಅತ್ತೆಯ ವಿಷಯಕ್ಕೆ ಬರುತ್ತೇನೆ. ಅವರು ಏನೂ ಅಂದಿಲ್ಲ, ಆದರೂ ನೀವು ಏಳುತ್ತೀರಿ. ಹಾಗಾಗಿ ಅವರು ಬರುವ ಮೊದಲೇ ನೀವೇ ಹೇಳಿಬಿಡಿ: "ಅತ್ತೆ, ಇನ್ನು ದಿನಾ ಏಳೂಕಾಲರವರೆಗೆ ನಾನು ಜಗಲಿಯಲ್ಲಿ ಕೂರುತ್ತೇನೆ, ಅನ್ನ ಸ್ವಲ್ಪ ನೋಡಿಕೊಳ್ಳುತ್ತೀರಾ?" ತಲೆನೋವು, ಸೊಂಟನೋವು ಎಂಬ ನೆಪ ಸೇರಿಸಬೇಡಿ. ನೆಪ ಹೇಳಿದರೆ ನೋವಿಲ್ಲದ ದಿನ ಮತ್ತೆ ಎದ್ದು ನಿಲ್ಲಬೇಕಾಗುತ್ತದೆ. ಮೊದಲ ಕೆಲವು ದಿನ ಎದೆ ಹೊಡೆದುಕೊಳ್ಳುತ್ತದೆ. ಆದರೂ ಏಳಬೇಡಿ.

ಆ ಅರ್ಧ ಗಂಟೆ ಮೊಬೈಲ್ ಒಳಗಿರಲಿ. ಗಿರಾಕಿಯ ಒಂದು ಸಂದೇಶ ಕಂಡರೆ ಸಾಕು, ಮನಸ್ಸು ಮತ್ತೆ ಮೆಷಿನ್ನಿನ ಮುಂದೆ ಹೋಗಿ ಕೂರುತ್ತದೆ. ಮಳೆ ನೋಡಿ, ರೇಡಿಯೊ ಕೇಳಿ, ಏನೂ ಮಾಡದಿದ್ದರೂ ಆಯಿತು. ಹೊಲಿಯುವವರಿಗೆ ಕುತ್ತಿಗೆ, ಭುಜ, ಬೆರಳುಗಳು ಗಟ್ಟಿಯಾಗಿರುತ್ತವೆ. ಅದಕ್ಕೊಂದು ಒಳ್ಳೆಯ ಕ್ರಮವಿದೆ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ ಸುಮಾರು ನೂರು ವರ್ಷಗಳ ಹಿಂದೆ ಬೆಳೆಸಿದ ವಿಧಾನದಿಂದ ಬಂದದ್ದು, ಇಂದಿಗೂ ಮನೋವೈದ್ಯರು ಹೇಳಿಕೊಡುತ್ತಾರೆ. ಬೆನ್ನಿಗೆ ಆನಿಕೆಯಿರುವ ಕುರ್ಚಿಯಲ್ಲಿ ಕೂತು ಬಲಗೈ ಮುಷ್ಟಿಯನ್ನು ಐದಾರು ಸೆಕೆಂಡು ಬಿಗಿಹಿಡಿಯಿರಿ. ಆಮೇಲೆ ಒಮ್ಮೆಲೇ ಬಿಟ್ಟು, ಬೆರಳುಗಳು ತಾವಾಗಿ ತೆರೆದುಕೊಳ್ಳುವಾಗ ಅಂಗೈಯಲ್ಲಿ ಹರಡುವ ಬಿಸುಪನ್ನು ಇಪ್ಪತ್ತು ಸೆಕೆಂಡು ಗಮನಿಸಿ. ನಂತರ ಎಡಗೈ. ಹಾಗೆಯೇ ಭುಜಗಳನ್ನು ಕಿವಿಯವರೆಗೆ ಎತ್ತಿ ಬಿಡಿ, ದವಡೆ, ಹೊಟ್ಟೆ, ತೊಡೆ, ಮೀನಖಂಡ, ಪಾದ. ಉಸಿರನ್ನು ಒಳಗೆಳೆದುಕೊಂಡುದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ನೋವಿರುವ ಸೊಂಟವನ್ನು ಮಾತ್ರ ಬಿಗಿ ಮಾಡಬೇಡಿ. ಇಷ್ಟಕ್ಕೆ ಕಾಲು ಗಂಟೆ ಸಾಕು.

ಇನ್ನು ಹೊಲಿಗೆ. ಹನ್ನೊಂದಕ್ಕೆ ಮಲಗಿ ಐದಕ್ಕೆ ಏಳುವವರಿಗೆ ನಿದ್ದೆ ಹೆಚ್ಚೆಂದರೆ ಆರು ಗಂಟೆ. ವಯಸ್ಕರಿಗೆ ಕನಿಷ್ಠ ಏಳು ಬೇಕು. ಆದ್ದರಿಂದ ರಾತ್ರಿ ಹತ್ತಕ್ಕೆ ಮೆಷಿನ್ ನಿಲ್ಲಲೇಬೇಕು, ಈ ಒಂದು ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳುತ್ತೇನೆ. ಹಣ ಸ್ವಲ್ಪ ಕಡಿಮೆಯಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ವಾರಕ್ಕೆ ಎಷ್ಟು ರವಕೆ ಹತ್ತು ಗಂಟೆಯೊಳಗೆ ಮುಗಿಯುತ್ತದೆ ಎಂದು ಲೆಕ್ಕ ಹಾಕಿ ಅಷ್ಟನ್ನೇ ಪುಸ್ತಕದಲ್ಲಿ ಬರೆದುಕೊಳ್ಳಿ. ಹಬ್ಬದ ಬಟ್ಟೆ ಕೊಡಲು ಕೊನೆಯ ದಿನಾಂಕವನ್ನು ಮೊದಲೇ ತಿಳಿಸಿ, ಅದು ಮೀರಿ ಬಂದವರಿಗೆ ತುರ್ತಿನ ದರ ಹೇಳಿ. ಕೈಕೆಲಸ ಅಚ್ಚುಕಟ್ಟಾಗಿರುವ ಟೈಲರನ್ನು ಗಿರಾಕಿಗಳು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಮಗಳಿಗೂ ಈ ಲೆಕ್ಕ ಗೊತ್ತಿರಲಿ. ಅವಳ ಕೋಚಿಂಗ್ ಹಣ ಯಾವ ಹೊತ್ತಿನಲ್ಲಿ ಹುಟ್ಟುತ್ತದೆ ಎಂದು ತಿಳಿಯುವಷ್ಟು ದೊಡ್ಡವಳು ಅವಳು.

ಎದೆ ಡವಡವ ಎನ್ನುವುದನ್ನು ಮನಸ್ಸಿನದ್ದೇ ಎಂದು ತಳ್ಳಿಹಾಕಬಾರದು. ರಕ್ತಹೀನತೆ, ಥೈರಾಯ್ಡ್ ತೊಂದರೆಗಳಲ್ಲೂ ಹೀಗಾಗುತ್ತದೆ, ಆಯಾಸವೂ ಇರುತ್ತದೆ. ಈ ತಿಂಗಳೇ ವೈದ್ಯರನ್ನು ಕಂಡು ಹಿಮೋಗ್ಲೋಬಿನ್, ಥೈರಾಯ್ಡ್, ರಕ್ತದೊತ್ತಡ ನೋಡಿಸಿ. ಎರಡು ವಾರ ಕಳೆದರೂ ನಿದ್ದೆ ಹತ್ತದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲವೆನಿಸಿದರೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ನಿನ್ನೆ ಒಪ್ಪಿಕೊಂಡ ಆ ಎರಡು ಆರ್ಡರು ಇನ್ನೂ ಕತ್ತರಿ ಕಂಡಿರಲಾರವು. ನಾಳೆ ಬೆಳಿಗ್ಗೆಯೇ ಅವರಿಬ್ಬರಿಗೂ ಫೋನ್ ಮಾಡಿ, ಚೌತಿ ಕಳೆದ ಮೇಲೆ ಹೊಲಿದು ಕೊಡುತ್ತೇನೆ, ಅವಸರವಿದ್ದರೆ ಬಟ್ಟೆ ಈಗಲೇ ಹಿಂದಿರುಗಿಸುತ್ತೇನೆ ಎಂದು ಹೇಳಿ.