ಬೈಬಲ್ ಒಳಗೆ ಮಡಚಿಟ್ಟ ರಸೀದಿ

ಲಿಂಗರಾಜಪುರದಿಂದ ಒಂದು ಕಾಗದ ಬಂದಿದೆ. ನಾಲ್ಕು ಪುಟ. ಓದಿ ಮುಗಿಸುವಷ್ಟರಲ್ಲಿ ನನಗೆ ಸಿಟ್ಟು ಬಂದಿತ್ತು. ಬರೆದವರ ಮೇಲೆ ಸ್ವಲ್ಪ, ಇನ್ನೊಬ್ಬರ ಮೇಲೆ ಜಾಸ್ತಿ.

ಸಂಗತಿ ಇಷ್ಟು. ಬರೆದವರಿಗೆ ನಲವತ್ತೊಂದು ವರ್ಷ. ಯಜಮಾನರು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್, ಮಗಳು ಪಿಯುಸಿ. ಕೆಲವು ತಿಂಗಳಿಂದ ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ, ಎದೆ ಡವಡವ ಅನ್ನುತ್ತದೆ. ಎದ್ದು ಹಾಲ್‌ನಲ್ಲಿ ಕೂತು ಪ್ರಾರ್ಥನೆ ಮಾಡುತ್ತಾರೆ. ಶುಕ್ರವಾರ ಉಪವಾಸ. ಗುರುವಾರ ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಹೋಗಿ ಮೇಣದಬತ್ತಿ ಹಚ್ಚುತ್ತಾರೆ. (ಅದು ಕ್ಯಾಥೊಲಿಕ್ ದೇವಾಲಯ, ಪ್ರಾಟೆಸ್ಟೆಂಟ್ ಸಭೆಯಾದ ಸಿಎಸ್ಐನವರು ಅಲ್ಲಿಗೆ ಹೋಗಬಹುದಾ ಅಂತಲೂ ಕೇಳಿದ್ದಾರೆ. ಗುರುವಾರ ಅಲ್ಲಿ ಕುಂಕುಮ ಇಟ್ಟವರೂ ಬುರ್ಖಾ ಹಾಕಿದವರೂ ಬರುತ್ತಾರೆ. ನಿಮ್ಮನ್ನು ಯಾರು ತಡೆಯುತ್ತಾರೆ, ಹೋಗಿ ಬನ್ನಿ.) ಇಷ್ಟೆಲ್ಲ ಮಾಡಿದರೂ ಚಿಂತೆ ಬಿಟ್ಟಿಲ್ಲ. ಪಕ್ಕದ ಬೀದಿಯಲ್ಲಿ ಪ್ರೇಯರ್ ಮೀಟಿಂಗ್ ನಡೆಸುವ ಆಂಟಿಯೊಬ್ಬರು, 'ಚಿಂತೆ ಮಾಡೋದೇ ಪಾಪ. ನಿನಗೆ ವಿಶ್ವಾಸ ಸಾಲದು' ಅಂದರಂತೆ. ವಿಶ್ವಾಸ ಹೆಚ್ಚಾಗೋಕೆ ಇನ್ನೇನು ಮಾಡಲಿ ಅನ್ನೋದು ಪ್ರಶ್ನೆ.

ತಾಯಿ, ಮೂರನೇ ಪುಟದಲ್ಲಿ ಎರಡು ಕೀರ್ತನೆಗಳ ನಡುವೆ ನೀವು ಒಂದು ಸಾಲು ತೂರಿಸಿದ್ದೀರಿ. 'ತಮ್ಮನ ಕ್ಯಾಬ್‌ಗೆ ಅಂತ ಬಳೆ, ಎರಡೆಳೆ ಸರ ಅಡ ಇಟ್ಟಿದ್ದೇನೆ, ಮನೆಯವರಿಗೆ ಗೊತ್ತಿಲ್ಲ, ರಸೀದಿ ನನ್ನ ಬೈಬಲ್ ಒಳಗಿದೆ, ಅದನ್ನು ಬೇರೆ ಯಾರೂ ಮುಟ್ಟುವುದಿಲ್ಲ.' ಇಷ್ಟು ಬರೆದು ಮತ್ತೆ ಉಪವಾಸದ ವಿಷಯಕ್ಕೆ ಹೋಗಿಬಿಟ್ಟಿದ್ದೀರಿ.

ಅಲ್ಲೇ ಇದೆಯಲ್ವಾ ಎಲ್ಲ? ರಾತ್ರಿ ಎರಡು ಗಂಟೆಗೆ ಸಮಾಧಾನಕ್ಕೆ ಅಂತ ಪುಸ್ತಕ ತೆಗೀತೀರಿ. ತೆಗೆದ ಕೂಡಲೇ ಆ ಚೀಟಿ, ಅದರ ಮೇಲೆ ವಾಯಿದೆ ತಾರೀಖು. ಇನ್ನು ಯಾವ ಕೀರ್ತನೆ ತಲೆಗೆ ಹತ್ತುತ್ತದೆ? ಮೈದುನನ ಮದುವೆಗೆ ಒಂದು ಗ್ರಾಂ ಗೋಲ್ಡ್ ಬಳೆ ಹಾಕಿಕೊಂಡು ಹೋದಿರಿ. ಯಜಮಾನರು ಕೇಳಿದ್ದಕ್ಕೆ, ಚಿನ್ನದ್ದು ಲಾಕರ್‌ನಲ್ಲಿದೆ ಅಂದಿರಿ. ತಮ್ಮ ಮೊದಲು ಎರಡು ಕಂತು ಕೊಟ್ಟು ಈಗ ಫೋನ್ ಎತ್ತುತ್ತಿಲ್ಲ. ದುಡ್ಡಿನ ವಿಷಯ ಮನೆಯಲ್ಲಿ ಮುಚ್ಚಿಡಬೇಡಿ ಅಂತ ಈ ಅಂಕಣದಲ್ಲಿ ಬರೆದು ಬರೆದು ನನ್ನ ಕೈ ಸೋತಿದೆ.

ನಿಜ ಹೇಳಲಾ? ನನ್ನ ಕನಿಕರ ಯಜಮಾನರ ಕಡೆಗೇ ಜಾಸ್ತಿ. ನೀವು ರಾತ್ರಿ ಎದ್ದಾಗೆಲ್ಲ ಅವರೂ ಎದ್ದು ನೀರು ಕೊಡುತ್ತಾರೆ. ಬಿಪಿ ಇರಬಹುದು ಅಂತ ಮಷೀನ್ ತಂದು, ತೋಳಿಗೆ ಪಟ್ಟಿ ಸುತ್ತಿ, ನಂಬರನ್ನು ಮಗಳ ಹಳೇ ನೋಟ್‌ಬುಕ್‌ನಲ್ಲಿ ಬರೆದಿಡುತ್ತಾರೆ. ಪಾಪ, ಇಲ್ಲದ ಕಾಯಿಲೆಗೆ ಲೆಕ್ಕ ಇಡುತ್ತಿದ್ದಾರೆ.

ತಮ್ಮನನ್ನು ಬೈಯುವವರು ಬೇಕಾದಷ್ಟು ಜನ ಇರುತ್ತಾರೆ. ನನ್ನ ಸಿಟ್ಟು ಆ ಆಂಟಿ ಮೇಲೆ. ಬೈಬಲ್‌ನ ಮತ್ತಾಯ 6ನೇ ಅಧ್ಯಾಯದಲ್ಲಿ ಊಟ, ಬಟ್ಟೆ, ನಾಳೆ ಅಂತ ಚಿಂತೆ ಮಾಡಬೇಡಿ ಅಂತಿದೆ, ಸರಿ. ಫಿಲಿಪ್ಪಿಯವರಿಗೆ ಪೌಲ ಸೆರೆಯಲ್ಲಿದ್ದುಕೊಂಡು ಬರೆದ ಪತ್ರದ 4ನೇ ಅಧ್ಯಾಯದಲ್ಲೂ ಅದೇ ಮಾತಿದೆ. ಆಂಟಿ ಅದನ್ನು ಬಾಯಿಪಾಠ ಒಪ್ಪಿಸುತ್ತಾರೆ. ಅದೇ ಪತ್ರದ 2ನೇ ಅಧ್ಯಾಯ ಓದಿದ್ದಾರಾ? ನನ್ನ ಜೊತೆಗಾರ ಎಪಫ್ರೊದೀತ ಕಾಯಿಲೆ ಬಿದ್ದು ಸಾಯುವ ಸ್ಥಿತಿಗೆ ಹೋಗಿದ್ದ, ಅವನನ್ನು ನಿಮ್ಮ ಹತ್ತಿರ ಕಳಿಸುತ್ತಿದ್ದೇನೆ, ಅವನನ್ನು ನೋಡಿ ನಿಮಗೂ ಸಂತೋಷ, ನನಗೂ ದುಃಖ ಕಡಿಮೆ ಆಗುತ್ತದೆ ಅಂತ ಪೌಲನೇ ಬರೆದಿದ್ದಾನೆ. ಪೌಲನ ವಿಶ್ವಾಸ ಸಾಲದು ಅನ್ನೋಕೆ ಆಂಟಿಗೆ ಧೈರ್ಯ ಇದೆಯಾ? ಮನೆಯಲ್ಲಿ ಏನಾಗಿದೆ ಅಂತ ಒಂದು ಮಾತು ಕೇಳದೆ ನಿದ್ದೆಗೆಟ್ಟ ಹೆಂಗಸಿನ ತಲೆ ಮೇಲೆ ಪಾಪದ ಹೊರೆ ಇಟ್ಟು ಕಳಿಸಿದರಲ್ಲ, ಅದು ನನಗೆ ತಡೆಯಲಾಗಲಿಲ್ಲ.

ಯೇಸು ಸೆರೆಸಿಕ್ಕ ಗೆತ್ಸೇಮನೆ ತೋಟದ ಆ ರಾತ್ರಿಯನ್ನು ಮತ್ತಾಯ 26ರಲ್ಲಿ ನಿಧಾನವಾಗಿ ಓದಿ. ಯೇಸು ತನ್ನ ಶಿಷ್ಯರಾದ ಪೇತ್ರ, ಯಾಕೋಬ, ಯೋಹಾನರನ್ನು ಕರೆದುಕೊಂಡು ಹೋಗುತ್ತಾನೆ. ಪ್ರಾಣ ಹೋಗುವಷ್ಟು ದುಃಖ ಆಗಿದೆ, ಇಲ್ಲೇ ಇದ್ದು ನನ್ನ ಜೊತೆ ಎಚ್ಚರವಾಗಿರಿ ಅಂತ ಮೊದಲು ಅವರಿಗೆ ಹೇಳುತ್ತಾನೆ. ಆಮೇಲೆ ಸ್ವಲ್ಪ ಮುಂದೆ ಹೋಗಿ ತಂದೆಗೆ ಪ್ರಾರ್ಥನೆ ಮಾಡುತ್ತಾನೆ. ಆ ಮೂವರೂ ನಿದ್ದೆ ಹೋದರು, ಅದು ಬೇರೆ ಮಾತು. ನಿಮ್ಮ ಪಕ್ಕದಲ್ಲಿ ಇರುವವರು ಎಚ್ಚರವಾಗೇ ಇದ್ದಾರೆ. ಅವರಿಗೇ ನೀವು ಹೇಳಿಲ್ಲ.

ಹಾಗಾಗಿ ಇನ್ನೊಂದು ಉಪವಾಸ ಹೇಳುವುದಿಲ್ಲ. ಒಂದೇ ಕೆಲಸ. ಈ ಶನಿವಾರ ಮಧ್ಯಾಹ್ನ ಊಟ ಆದ ಮೇಲೆ, ಮಗಳು ಟ್ಯೂಷನ್‌ಗೆ ಹೋದಾಗ, ಆ ರಸೀದಿ ತೆಗೆದು ಯಜಮಾನರ ಕೈಗೆ ಕೊಡಿ. ಪೀಠಿಕೆ ಬೇಡ, ತಮ್ಮನ ಪರ ವಕಾಲತ್ತೂ ಬೇಡ. ರಾತ್ರಿ ಹತ್ತರ ಮೇಲಂತೂ ಈ ಮಾತು ಎತ್ತಲೇಬೇಡಿ. ರಾತ್ರಿ ಎತ್ತಿದ ದುಡ್ಡಿನ ಮಾತು ಜಗಳದಲ್ಲೇ ಮುಗಿಯೋದು. ಅವರು ಕೂಗಾಡಬಹುದು, ಎರಡು ದಿನ ಮಾತು ಬಿಡಬಹುದು. ಬಿಡಲಿ, ಅಷ್ಟು ಹಕ್ಕು ಅವರಿಗಿದೆ.

ಆಮೇಲೆ ಇಬ್ಬರೂ ಸೇರಿ ಅಡ ಇಟ್ಟ ಕಡೆ ಹೋಗಿ. ಬಡ್ಡಿ ಎಷ್ಟಾಗಿದೆ, ಬಡ್ಡಿ ಕಟ್ಟಿ ರಿನ್ಯೂ ಮಾಡಿಸಬಹುದಾ ಕೇಳಿ. ಬ್ಯಾಂಕಾಗಲಿ ಫೈನಾನ್ಸ್ ಕಂಪನಿಯಾಗಲಿ, ನೋಟಿಸ್ ಕೊಡದೆ ಹರಾಜು ಹಾಕುವ ಹಾಗಿಲ್ಲ. ಹರಾಜಾದರೂ ಸಾಲ ಕಳೆದು ಉಳಿದ ದುಡ್ಡು ನಿಮಗೇ ಬರಬೇಕು. ರಾತ್ರಿ ಕೂತು ನೀವು ಊಹೆ ಮಾಡಿಕೊಂಡಿದ್ದಕ್ಕಿಂತ ದಾರಿ ಜಾಸ್ತಿಯೇ ಇದೆ.

ಹೇಳಿದ ಮೇಲೂ ಎದೆ ಡವಡವ ನಿಲ್ಲದಿದ್ದರೆ ಡಾಕ್ಟರ್ ಹತ್ತಿರ ಹೋಗಿ, ನಾಚಿಕೆ ಬೇಡ. ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ದುಡ್ಡು ಕೊಡಬೇಕಿಲ್ಲ, ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಸುವಾರ್ತೆ ಬರೆದ ಲೂಕ ಕೂಡ ವೈದ್ಯನೇ ಅಂತ ಆಂಟಿಗೆ ನೆನಪಿಸಿ.

ತಮ್ಮನ ನಂಬರ್ ಯಜಮಾನರ ಹತ್ತಿರ ಇದೆಯಲ್ವಾ? ಕಂತು ಕೇಳುವ ಕೆಲಸ ಇನ್ನು ಮೇಲೆ ಅವರಿಗೆ ಬಿಡಿ. ಭಾವನ ಫೋನ್ ಅಂದರೆ ಎತ್ತುತ್ತಾನೆ.