ಕಾಲೇಜು ಅರ್ಜಿಗೆ ಕೌನ್ಸೆಲರ್ ಎಷ್ಟು ಸಹಾಯ ಮಾಡುತ್ತಾರೆ?

ಮಗಳಿಗೆ ಪೊನ್ನಂಪೇಟೆಯ ಅರಣ್ಯ ಕಾಲೇಜೇ ಬೇಕಂತೆ, ಪಿಯು ಕಾಲೇಜಿನ ಕೌನ್ಸೆಲರನ್ನು ನಂಬಬಹುದಾ ಅಂತ ಕೇಳಿದ್ದೀರಿ. ನಂಬಿ, ಆದರೆ ಅವರೊಬ್ಬರನ್ನೇ ಅಲ್ಲ. ಕೊಡಗಿನಲ್ಲಿ ಎಷ್ಟೋ ಕಡೆ ಪಾಠ ಮಾಡುವ ಉಪನ್ಯಾಸಕರೇ ಈ ಕೆಲಸವನ್ನೂ ನೋಡಿಕೊಳ್ಳುತ್ತಾರೆ. ಯಾವ ಕೋರ್ಸ್ ಹೊಂದುತ್ತದೆ ಅಂತ ಚೆನ್ನಾಗಿಯೇ ಹೇಳುತ್ತಾರೆ. ಕಾಗದಪತ್ರ ಮಾತ್ರ ನೀವೇ ನೋಡಿಕೊಳ್ಳಿ. ಗ್ರಾಮೀಣ ಮೀಸಲಾತಿಗೆ 1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲೇ ಓದಿರಬೇಕು, ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು. ನನಗಿದನ್ನು ಯಾರೂ ಹೇಳಿರಲಿಲ್ಲ. ಜೂನ್ ಮಳೆಯಲ್ಲಿ, ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಎರಡು ಸಲ ಮಡಿಕೇರಿಗೆ ಓಡಿದೆ. ಕಾಫಿ ತೋಟ ಇದೆಯಾ? ಹಾಗಾದರೆ ಕೃಷಿಕರ ಕೋಟಾ, ಅಂದರೆ ಕೃಷಿಕರ ಮಕ್ಕಳಿಗೆ ಮೀಸಲಾದ ಸೀಟುಗಳ ಬಗ್ಗೆಯೂ ಈಗಲೇ ವಿಚಾರಿಸಿ. ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ತುಂಬುವಾಗ, ಸುಮ್ನೆ ಹೆದರಬೇಡಿ, ಮಗಳಿಗೆ ಜಾಸ್ತಿ ಇಷ್ಟವಾದ ಕಾಲೇಜನ್ನೇ ಮೊದಲು ಹಾಕಿಸಿ.